ಘಟ್ಟ ಹತ್ತಿದ ದೋಣಿ

ಪಶ್ಚಿಮಘಟ್ಟದ ನೆತ್ತಿಯಲ್ಲಿ, ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲ್ಪಟ್ಟ ಪ್ರಸ್ಥಭೂಮಿಯಾಗಿ ಹರಡಿಕೊಂಡಿರುವ ವಯನಾಡು ಜಿಲ್ಲೆಯ ಹೆಸರೆತ್ತಿದಾಗ ಕಾಫಿ, ಮೆಣಸು, ಆನೆ, ಬಿಡದೆ ಸುರಿಯುವ ಮಳೆ ಇವುಗಳನ್ನು ನೆನೆಯುವವರುಂಟೇ ಹೊರತು ಯಂತ್ರದೋಣಿಯನ್ನು ನೆನೆಯುವವರು ಇಲ್ಲವೆಂದೇ ಹೇಳಬೇಕು. ಅದು ಸಹಜವೂ ಆಗಿದೆ. ಮಾನಂತವಾಡಿ ಹೊಳೆಯೂ ಪನಮರಂ ಹೊಳೆಯೂ ಕೂಡಿ ಕಬಿನಿಯೆನಿಸಿಕೊಂಡು, ಪೂರ್ವಾಭಿಮುಖವಾಗಿ ಹರಿದು ನಮ್ಮ ಹೆಗ್ಗಡದೇವನಕೋಟೆಯ ಸೀಮೆಗಿಳಿದು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುವವಾದರೂ, ವಯನಾಡಿನೊಳಗೆ ಆ ಹೊಳೆಗಳು ಬಂಡೆಗಳ ನಡುವೆ ಹರಿಯುವ ತೆಳುವಾದ ಪ್ರವಾಹಗಳು. ಕುರುವಾ ದ್ವೀಪದ ಬಳಿ ಇಂದಿಗೂ ಜನರನ್ನು ದಾಟಿಸುವುದು ಬಿದಿರಿನ ತೆಪ್ಪವೇ. ಪೂಕೋಡು ಸರೋವರವು ನೈಸರ್ಗಿಕವಾದದ್ದೇನೋ ನಿಜ, ಆದರೆ ಹುಟ್ಟು ಹಾಕುವ ದೋಣಿಗೂ ಕಾಲಿನಿಂದ ತುಳಿಯುವ ದೋಣಿಗೂ ತಕ್ಕಷ್ಟೇ ಅದರ ವಿಸ್ತಾರ. ಯಂತ್ರ ಹೊತ್ತ ದೋಣಿಗೆ ಬೇಕಾದ ಜಲರಾಶಿಯನ್ನು ಈ ನಾಡಿಗೆ ಕೊಟ್ಟದ್ದು ಮನುಷ್ಯರು ಕಟ್ಟಿದ ಅಣೆಕಟ್ಟುಗಳು. ಪಡಿಂಞಾರತ್ತರದ ಬಳಿ, 1979ರಲ್ಲಿ ಆರಂಭವಾದ ಯೋಜನೆಯ ಫಲವಾಗಿ ನಿಂತ ಬಾಣಾಸುರ ಸಾಗರವು ಮಣ್ಣಿನ ಅಣೆಕಟ್ಟುಗಳಲ್ಲಿ ನಮ್ಮ ದೇಶದಲ್ಲೇ ದೊಡ್ಡದೆಂದು ಪ್ರಸಿದ್ಧವಾದದ್ದು. ಗುಡ್ಡಗಳೆಲ್ಲ ನೀರಿನಲ್ಲಿ ಮುಳುಗಿ ಅವುಗಳ ನೆತ್ತಿಗಳು ಮಾತ್ರ ದ್ವೀಪಗಳಾಗಿ ಉಳಿದಿರುವ ಆ ವಿಶಾಲ ಜಲಾಶಯದಲ್ಲಿ ವಿದ್ಯುಚ್ಛಕ್ತಿ ಮಂಡಳಿಯ ವೇಗದೋಣಿಗಳು ಪ್ರವಾಸಿಗಳನ್ನು ಹೊತ್ತು ತಿರುಗುತ್ತವೆ.

ದೋಣಿ ಕಟ್ಟುವ ಪರಂಪರೆಯಿಲ್ಲದ ಇಂಥ ಬೆಟ್ಟದ ನಾಡಿನಲ್ಲಿ ಹಳೆಯ ಯಂತ್ರದೋಣಿಯೊಂದನ್ನು ಮರಳಿ ಜೀವಗೊಳಿಸಬೇಕೆಂದು ಹೊರಡುವವನು ಮೊದಲು ಘಟ್ಟವನ್ನು ಇಳಿಯಬೇಕಾಗುತ್ತದೆ. ಮರವನ್ನು ಬಲ್ಲ ಖಲಾಸಿಗಳೂ ಆಚಾರಿಗಳೂ ಇರುವುದು ಶತಮಾನಗಳಿಂದ ಉರುಗಳೆಂಬ ಮಹಾನೌಕೆಗಳನ್ನು ಕಟ್ಟುತ್ತ ಬಂದಿರುವ ಬೇಪೂರಿನಲ್ಲಿ. ಹಳೆಯ ದೋಣಿಗಳು ಸಿಕ್ಕುವುದು ಕಲ್ಲಿಕೋಟೆಯಿಂದ ಕೊಲ್ಲಂವರೆಗಿನ ಕಡಲತೀರದಲ್ಲಿ, ಇಲ್ಲವೆ ಉತ್ತರಕ್ಕೆ ನಮ್ಮ ಮಂಗಳೂರು ಮಲ್ಪೆಗಳಲ್ಲಿ. ಲಾರಿಯ ಮೇಲೇರಿದ ದೋಣಿಯು ತಾಮರಶ್ಶೇರಿ ಘಟ್ಟದ ಒಂಬತ್ತು ತಿರುವುಗಳನ್ನು ಸುತ್ತಿ ಲಕ್ಕಿಡಿಯ ಸಂಕೋಲೆ ಮರದ ಬಳಿ ಬಯಲಿಗೆ ಬರುವಷ್ಟರಲ್ಲಿ ಅದರ ಸಂದುಗಳು ಇನ್ನಷ್ಟು ಸಡಿಲಗೊಂಡಿರುತ್ತವೆ. ಮೈಸೂರಿನ ಕಡೆಯಿಂದ ತರುವವರಿಗೆ ತಿರುವುಗಳ ಕಾಟ ಕಡಿಮೆಯಾದರೂ, ಬಂಡೀಪುರದ ಅರಣ್ಯದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಲಾರಿ ಹಾಯುವಂತಿಲ್ಲವೆಂಬುದನ್ನು ಲೆಕ್ಕಕ್ಕೆ ಹಿಡಿದೇ ಹೊರಡಬೇಕು.

ಯಂತ್ರದೋಣಿಗಳಲ್ಲಿ ಮುಖ್ಯವಾಗಿ ಎರಡು ಜಾತಿ. ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಸಿಕ್ಕಿಸಿ, ಬೇಕಾದಾಗ ಎತ್ತಿ ಮನೆಗೊಯ್ಯಬಹುದಾದ ಯಂತ್ರದ್ದು ಒಂದು; ದೋಣಿಯ ಒಡಲೊಳಗೆ, ತಳದ ಸಮೀಪದಲ್ಲಿ ಮರದ ಪೀಠದ ಮೇಲೆ ಭದ್ರವಾಗಿ ಕೂತ ಯಂತ್ರವು ಉದ್ದವಾದ ಶಾಫ್ಟಿನ ಮೂಲಕ ನೀರಿನೊಳಗಿನ ಪ್ರೊಪೆಲ್ಲರನ್ನು, ಅಂದರೆ ನಮ್ಮ ಕರಾವಳಿಯ ಬೆಸ್ತರು ಫ್ಯಾನೆಂದು ಕರೆಯುವ ರೆಕ್ಕೆಚಕ್ರವನ್ನು, ತಿರುಗಿಸುವುದು ಇನ್ನೊಂದು. ಎರಡನೆಯದೇ ಇನ್‌ಬೋರ್ಡ್ ಬೋಟು. ಚರಿತ್ರೆಯಲ್ಲಿ ಒಳಯಂತ್ರವೇ ಹಿರಿಯದು: ಜರ್ಮನಿಯ ಗಾಟ್‌ಲೀಬ್ ಡೈಮ್ಲರನು ತನ್ನ ಪೆಟ್ರೋಲ್ ಯಂತ್ರವನ್ನು ಸಣ್ಣದೊಂದು ದೋಣಿಯಲ್ಲಿಟ್ಟು ನೆಕರ್ ನದಿಯಲ್ಲಿ ಓಡಿಸಿದ್ದು 1886ರಲ್ಲಿ, ಓಲೆ ಎವಿನ್‌ರೂಡನು ಅಮೆರಿಕದಲ್ಲಿ ಹೊರಯಂತ್ರವನ್ನು ಜನಪ್ರಿಯಗೊಳಿಸಿದ್ದು 1909ರ ಈಚೆಗೆ. ಕೇರಳದ ಮೀನುದೋಣಿಗಳಿಗೆ ಒಳಯಂತ್ರ ವ್ಯಾಪಕವಾಗಿ ಬಂದದ್ದಕ್ಕೆ, ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆಗಳ ನಡುವೆ 1952ರಲ್ಲಿ ಆದ ಒಪ್ಪಂದದಂತೆ ಮರುವರ್ಷ ಕೊಲ್ಲಂ ಸಮೀಪದ ನೀಂಡಕರದಲ್ಲಿ ತೊಡಗಿದ ಯೋಜನೆಯೇ ಬಹುಮಟ್ಟಿಗೆ ಕಾರಣ.

ಈಗ ಒಡಲಿನ ಪರೀಕ್ಷೆ. ಹಳೆಯ ದೋಣಿಯ ಬಣ್ಣವನ್ನು ನೋಡಿ ಮೋಹಗೊಳ್ಳುವವನೂ, ಬಣ್ಣ ಹೋಗಿದೆಯೆಂದು ಹೇಸುವವನೂ ಸಮಾನವಾಗಿ ಮೋಸಹೋಗುತ್ತಾರೆ. ಏಕೆಂದರೆ ದೋಣಿಯ ಆಯುಸ್ಸು ಅಡಗಿರುವುದು ಅಡಿಮರದಲ್ಲಿ, ಅದಕ್ಕೆ ಅಂಟಿಕೊಂಡ ಮೊದಲ ಹಲಗೆಯ ಸಂದಿನಲ್ಲಿ, ಪಕ್ಕೆಯ ಮರಗಳ ಬುಡದಲ್ಲಿ ಮತ್ತು ಯಂತ್ರ ಕೂರುವ ಪೀಠದಲ್ಲಿ. ಕೊಡತಿಯಿಂದ ಅಂಗುಲ ಅಂಗುಲಕ್ಕೂ ತಟ್ಟುತ್ತ ಬಂದರೆ ಗಟ್ಟಿ ಮರವು ಕಣಕಣಿಸುತ್ತದೆ, ಕೊಳೆತದ್ದು ಮಂಕಾದ ಸದ್ದು ಮಾಡುತ್ತದೆ. ಸಂಶಯವಿದ್ದಲ್ಲಿ ದಬ್ಬಣವನ್ನು ಚುಚ್ಚಿ ನೋಡಿದರೆ ನಿರ್ಣಯವಾಗುತ್ತದೆ. ತೇಗವಾಗಲಿ, ಮಲೆಯಾಳಿಗಳು ಆಂಞಿಲಿ ಎನ್ನುವ ಹೆಬ್ಬಲಸಾಗಲಿ ಆಗಿದ್ದರೆ, ಮರಕ್ಕಿಂತ ಮೊದಲು ಮೊಳೆಯೇ ಸತ್ತಿರುವ ಸಂಭವ ಹೆಚ್ಚು. ಕಬ್ಬಿಣದ ಮೊಳೆಯು ತುಕ್ಕು ಹಿಡಿದು ಉಬ್ಬಿ ಸುತ್ತಲಿನ ಮರವನ್ನು ಕಪ್ಪಾಗಿಸಿ ತಿನ್ನುತ್ತದೆ. ಅಂಥಲ್ಲಿ ಹಳೆಯದನ್ನು ಕಿತ್ತು, ತೂತನ್ನು ಗೂಟದಿಂದ ತುಂಬಿ, ತಾಮ್ರದ ಮೊಳೆಯನ್ನು ಬೇರೆ ಜಾಗದಲ್ಲಿ ಹೊಡೆಯುವುದೇ ಮಾರ್ಗ. ಕೆಟ್ಟ ಹಲಗೆಯನ್ನು ಅರ್ಧಕ್ಕೆ ಕತ್ತರಿಸಿ ಹೊಸದನ್ನು ನೇರವಾಗಿ ಒತ್ತರಿಸುವುದು ಸಲ್ಲದು. ಹಲಗೆಯ ದಪ್ಪದ ಎಂಟರಷ್ಟು ಉದ್ದಕ್ಕೆ ಎರಡನ್ನೂ ಓರೆಯಾಗಿ ಕೆತ್ತಿ, ಒಂದರ ಮೇಲೊಂದು ಮಲಗಿಸಿ ಅಂಟಿಸಿದರೆ ಮಾತ್ರ ಆ ಜೋಡಣೆಗೆ ಬಾಗುವ ಶಕ್ತಿಯೂ ತಾಳುವ ಶಕ್ತಿಯೂ ಬರುತ್ತವೆ. ಸಂದುಗಳಿಗೆ ಹತ್ತಿಯ ಹುರಿಯನ್ನು ಉಳಿಯಿಂದ ತುರುಕಿ, ಮೇಲೆ ಅಗಸೆ ಎಣ್ಣೆಯಲ್ಲಿ ನಾದಿದ ಲಪ್ಪವನ್ನು ಬಳಿಯುತ್ತಾರೆ. ಹುರಿಯನ್ನು ಅತಿಯಾಗಿ ತುರುಕುವ ಉತ್ಸಾಹಿಗಳುಂಟು; ಅವರ ದೋಣಿ ನೀರಿಗಿಳಿದು ಹಲಗೆಗಳು ಉಬ್ಬಿದಾಗ ಜಾಗವಿಲ್ಲದೆ ಮೊಳೆಗಳೇ ಎದ್ದುಬರುತ್ತವೆ.

ಕಡಲಲ್ಲಿ ಬೆಳೆದ ದೋಣಿಯು ಬೆಟ್ಟದ ಸಿಹಿನೀರಿಗೆ ಬಂದಾಗ ಅದರ ಶತ್ರುಗಳೇ ಬದಲಾಗುವುದು ಈ ಕಾರ್ಯದಲ್ಲೆಲ್ಲ ನನಗೆ ಅತ್ಯಂತ ಕುತೂಹಲಕರವಾಗಿ ಕಂಡ ಸಂಗತಿ. ಉಪ್ಪುನೀರಿನಲ್ಲಿ ಮರವನ್ನು ಜರಡಿಯಂತೆ ತೂತು ಕೊರೆಯುವ ಹಡಗುಹುಳು ಸಿಹಿನೀರಿನಲ್ಲಿ ಬದುಕಲಾರದು. ಚಿಪ್ಪುಜೀವಿಗಳು ಮೈಗೆ ಅಂಟಿಕೊಳ್ಳುವ ಪೀಡೆಯೂ ತಪ್ಪುತ್ತದೆ. ಆದುದರಿಂದ ಕಡಲಿನಲ್ಲಿ ವರ್ಷ ವರ್ಷವೂ ಬಳಿಯಬೇಕಾದ ವಿಷವರ್ಣದ ಖರ್ಚು ಇಲ್ಲಿ ವ್ಯರ್ಥ. ಆದರೆ ಉಪ್ಪು ಒಂದು ಬಗೆಯಲ್ಲಿ ಮರವನ್ನು ಸಂರಕ್ಷಿಸುತ್ತದೆ. ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ಇಷ್ಟವಾದದ್ದು ಮಳೆಯ ನೀರು. ಕೆರೆಯೊಳಗೆ ಮುಳುಗಿರುವ ಭಾಗಕ್ಕಿಂತ, ಮೇಲಿನಿಂದ ತೊಟ್ಟಿಕ್ಕಿ ಒಳಮೂಲೆಗಳಲ್ಲಿ ನಿಂತ ಮಳೆನೀರೇ ವಯನಾಡಿನಂಥ ಕಡೆ ದೋಣಿಗೆ ಮೃತ್ಯು. ಆದಕಾರಣ ಮೇಲಿನ ಹೊದಿಕೆ ಎಷ್ಟು ಭದ್ರವೋ, ಒಳಗೆ ಗಾಳಿಯಾಡುವ ದಾರಿಯೂ ಅಷ್ಟೇ ಮುಕ್ತವಾಗಿರತಕ್ಕದ್ದು. ಸೋರುವ ಹಳೆಯ ದೋಣಿಗೆ ಹೊರಗಿನಿಂದ ಗಾಜುನಾರಿನ ಕವಚ ತೊಡಿಸಿ ಕೈತೊಳೆದುಕೊಳ್ಳುವ ಸುಲಭೋಪಾಯವೊಂದು ಈಗ ಬಳಕೆಗೆ ಬಂದಿದೆ. ಒದ್ದೆ ಮರವನ್ನು ಹೀಗೆ ಮುಚ್ಚಿದರೆ ತೇವವು ಹೊರಹೋಗಲಾರದೆ ಒಳಗೊಳಗೇ ಕೊಳೆತು, ಕೆಲವು ವರ್ಷಗಳಲ್ಲಿ ಕವಚ ಮಾತ್ರ ಉಳಿಯುತ್ತದೆ. ಲೋಹದ ವಿಷಯದಲ್ಲೂ ಭೇದವುಂಟು: ಶಾಫ್ಟನ್ನೂ ಫ್ಯಾನನ್ನೂ ಕಾಯುವುದಕ್ಕಾಗಿ ತಾನೇ ಸವೆದುಹೋಗುವಂತೆ ಕಟ್ಟುವ ಸತುವಿನ ಗಟ್ಟಿಯು ಸಿಹಿನೀರಿನಲ್ಲಿ ನಿಷ್ಕ್ರಿಯವಾಗಿ ಕೂರುತ್ತದೆ; ಅಲ್ಲಿ ಮೆಗ್ನೀಸಿಯಂ ಬೇಕು. ಇನ್ನೂ ಒಂದು ಸೂಕ್ಷ್ಮವೆಂದರೆ, ಸಿಹಿನೀರು ಕಡಲನೀರಿಗಿಂತ ಶೇಕಡಾ ಎರಡೂವರೆಯಷ್ಟು ಹಗುರವಾದದ್ದರಿಂದ ಅದೇ ದೋಣಿ ಅದೇ ಭಾರಕ್ಕೆ ಇಲ್ಲಿ ತುಸು ಆಳಕ್ಕೆ ಇಳಿದು ನಿಲ್ಲುತ್ತದೆ.

ಯಂತ್ರವು ವರ್ಷಾನುಗಟ್ಟಲೆ ನಿಂತು ಹಿಡಿದುಕೊಂಡಿದ್ದರೆ ಬಲಪ್ರಯೋಗ ಮಾಡಬಾರದು. ಸಿಲಿಂಡರುಗಳಿಗೆ ತೆಳುವಾದ ಎಣ್ಣೆ ಸುರಿದು ಹಲವು ದಿನ ನೆನೆಯಿಟ್ಟು, ಬಳಿಕ ಕೈಯಿಂದ ಮೆಲ್ಲನೆ ಹಿಂದುಮುಂದಾಗಿ ತಿರುಗಿಸುವುದು ಅನುಭವಸ್ಥರ ಕ್ರಮ. ಡೀಸೆಲ್ ಯಂತ್ರವಾದರೆ ಒಂದು ಭಯ ಕಡಿಮೆ. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದದ್ದರಿಂದ ದೋಣಿಯ ತಳಗುಳಿಯಲ್ಲಿ ಕಾಣದಂತೆ ಶೇಖರವಾಗಿ, ಒಂದು ಕಿಡಿಗೆ ಇಡೀ ದೋಣಿಯನ್ನು ಸಿಡಿಸಬಲ್ಲದು. ಅಂಥ ಯಂತ್ರವನ್ನು ಚಾಲೂ ಮಾಡುವ ಮೊದಲು ಕೆಲವು ನಿಮಿಷ ಗಾಳಿಯೂದುವ ಪಂಖದಿಂದ ತಳವನ್ನು ಬರಿದುಮಾಡುವ ಶಿಸ್ತು ಎಲ್ಲ ದೇಶಗಳಲ್ಲೂ ಇದೆ. ಯಂತ್ರವನ್ನು ತಣಿಸಲು ಕೆರೆಯ ನೀರನ್ನೇ ಹೀರಿಕೊಳ್ಳುವ ಏರ್ಪಾಡಿದ್ದರೆ, ಮಳೆಗಾಲದ ಕೆಂಪುನೀರಿನ ಹೂಳು ಒಳಗೆ ಹೋಗದಂತೆ ಜಾಲರಿಯನ್ನು ಮತ್ತೆ ಮತ್ತೆ ತೊಳೆಯಬೇಕು. ಹೊಗೆಕೊಳವೆಯನ್ನು ಹಂಸದ ಕೊರಳಿನಂತೆ ಮೇಲೇರಿಸಿ ಇಳಿಸುವುದು ಶೋಭೆಗಾಗಿಯಲ್ಲ, ಹಿಂದಿನಿಂದ ಅಲೆ ನುಗ್ಗಿ ನೀರು ಸಿಲಿಂಡರಿಗೆ ಸೇರದಿರಲೆಂದು.

ಇನ್ನು, ನೀರಿನ ಮಟ್ಟಕ್ಕಿಂತ ಕೆಳಗೆ ದೋಣಿಯ ಮೈಯಲ್ಲಿ ರಂಧ್ರವೊಂದನ್ನು ಕೊರೆದು, ಅದರ ಮೂಲಕ ಸದಾ ಸುತ್ತುವ ಶಾಫ್ಟನ್ನು ಹೊರಬಿಟ್ಟೂ ನೀರು ಒಳಬಾರದಂತೆ ಮಾಡಿರುವ ಉಪಾಯವನ್ನು ಮೊದಲ ಸಲ ಕಂಡವರಿಗೆ ಆಶ್ಚರ್ಯವಾಗದಿರದು. ಶಾಫ್ಟಿನ ಸುತ್ತ ಕೊಬ್ಬೆಣ್ಣೆ ಹಾಕಿದ ಹತ್ತಿಯ ಹುರಿಯನ್ನು ಉಂಗುರಗಳಾಗಿ ಜೋಡಿಸಿ, ಹಿಂದಿನಿಂದ ತಿರುಪಿನ ಒತ್ತಡ ಕೊಡುವ ಈ ಭಾಗಕ್ಕೆ ಗ್ಲ್ಯಾಂಡ್ ಎನ್ನುತ್ತಾರೆ. ಶಾಫ್ಟು ತಿರುಗುವಾಗ ನಿಮಿಷಕ್ಕೆ ಎರಡು ಮೂರು ಹನಿ ಇದರಿಂದ ಜಿನುಗಲೇಬೇಕು. ಒಂದು ಹನಿಯೂ ಬಾರದಂತೆ ಬಿಗಿದು ಹೆಮ್ಮೆಪಡುವವರು, ಹುರಿ ಕಾದು ಕರಕಾಗಿ ಶಾಫ್ಟಿನ ಮೈಯೇ ಸವೆದು ಗೀರುಬಿದ್ದ ಮೇಲೆ ಅದರ ಬೆಲೆ ತೆರುತ್ತಾರೆ.

ಬಾಣಾಸುರ ಸಾಗರದ ಜಲಮಟ್ಟ ತುಂಬಿದಾಗ ಸಮುದ್ರದಿಂದ ಸುಮಾರು 775 ಮೀಟರು ಎತ್ತರದಲ್ಲಿರುತ್ತದೆ. ಅಷ್ಟು ಎತ್ತರದ ವಿರಳವಾದ ಗಾಳಿಯಲ್ಲಿ, ಗಾಳಿಯನ್ನು ಒತ್ತಿ ತುಂಬುವ ಟರ್ಬೋ ಇಲ್ಲದ ಯಂತ್ರವು ಶೇಕಡಾ ಏಳೆಂಟರಷ್ಟು ಬಲವನ್ನು ಕಳೆದುಕೊಳ್ಳುತ್ತದೆ. ಕಡಲತಡಿಯಲ್ಲಿ ಹೊಂದಿಕೊಂಡಿದ್ದ ಫ್ಯಾನು ಇಲ್ಲಿ ಯಂತ್ರಕ್ಕೆ ಭಾರವಾಗಿ, ಯಂತ್ರ ತನ್ನ ಪೂರ್ಣ ಸುತ್ತನ್ನು ಮುಟ್ಟದೆ ಕಪ್ಪು ಹೊಗೆ ಉಗುಳುತ್ತದೆ. ಆಗ ಮಾಲೀಕನಿಗೆ ತೋಚುವುದು ಇನ್ನೂ ದೊಡ್ಡ ಯಂತ್ರ, ಸಾಧ್ಯವಾದರೆ ಲಾರಿಯದೇ ಒಂದು. ಇದು ಭ್ರಮೆಯೆಂಬುದನ್ನು ಇಂಗ್ಲೆಂಡಿನ ವಿಲಿಯಂ ಫ್ರೂಡನು 1870ರ ದಶಕದಲ್ಲೇ, ಟಾರ್ಕಿಯ ತನ್ನ ನೀರಿನ ತೊಟ್ಟಿಯಲ್ಲಿ ಸಣ್ಣ ಮಾದರಿಗಳನ್ನು ಎಳೆದು ನೋಡಿ ವಿಶದಪಡಿಸಿದ್ದಾನೆ. ನೀರನ್ನು ಸೀಳಿಕೊಂಡು ಹೋಗುವ ಗುಂಡುತಳದ ದೋಣಿಯು ತಾನೇ ಎಬ್ಬಿಸಿದ ಅಲೆಯ ಕಣಿವೆಯಲ್ಲಿ ಸಿಕ್ಕಿಕೊಳ್ಳುತ್ತದೆ. ನೀರಿಗೆ ತಾಗುವ ಭಾಗ 25 ಅಡಿ ಉದ್ದವಿರುವ ದೋಣಿಗೆ ಗಂಟೆಗೆ ಸುಮಾರು 12 ಕಿಲೋಮೀಟರಿನ ಆಚೆಗೆ ಎಷ್ಟು ಇಂಧನ ಸುಟ್ಟರೂ ಪ್ರಯೋಜನ ಅತ್ಯಲ್ಪ. ನೀರಿನ ಮೇಲೆದ್ದು ಜಾರುವಂತೆ ಚಪ್ಪಟೆತಳವಾಗಿ ಕಟ್ಟಿದ ದೋಣಿಗೆ ಮಾತ್ರ ಈ ಮಿತಿ ಇಲ್ಲ. ಹಾಗಾಗಿ ಹಳೆಯ ಮೀನುದೋಣಿಯನ್ನು ವೇಗದೋಣಿ ಮಾಡಹೊರಟವನಿಗೆ ಯಾರಾದರೂ ಹಿತೈಷಿಗಳು ಮೊದಲೇ ಹೇಳಿಬಿಡುವುದು ಲೇಸು.

ಅಭಿರುಚಿಗೆ ತಕ್ಕಂತೆ ದೋಣಿಯನ್ನು ಮಾರ್ಪಡಿಸುವ ಹವ್ಯಾಸಕ್ಕೆ ಜಗತ್ತಿನಲ್ಲಿ ವಿಖ್ಯಾತ ನಿದರ್ಶನಗಳಿವೆ. ಇಟಲಿಯ ಇಸೆಯೊ ಸರೋವರದ ದಡದ ಸಾರ್ನಿಕೊ ಊರಿನಲ್ಲಿ ರೀವಾ ಮನೆತನದವರು 1962ರಿಂದ ಕಟ್ಟತೊಡಗಿದ, ಮಹಾಗನಿ ಮರದ ಮೈ ಕನ್ನಡಿಯಂತೆ ಹೊಳೆಯುವ ಅಕ್ವಾರಾಮಾ ದೋಣಿಗಳಲ್ಲೊಂದನ್ನು ಕಾರುಗಳ ನಿರ್ಮಾಪಕ ಫೆರುಚೊ ಲಂಬೋರ್ಗಿನಿಯು 1968ರಲ್ಲಿ ಕೊಂಡು, ತನ್ನ ಕಾರಿನ ಹನ್ನೆರಡು ಸಿಲಿಂಡರಿನ ಯಂತ್ರಗಳನ್ನೇ ಜೋಡಿಯಾಗಿ ಅದರೊಳಗೆ ಇರಿಸಿದ್ದನು. ಪಾಳುಬಿದ್ದ ಅದನ್ನು ಡಚ್ ಕುಶಲಕರ್ಮಿಗಳು ವರ್ಷಗಟ್ಟಲೆ ಶ್ರಮಿಸಿ 2013ರಲ್ಲಿ ಪೂರ್ವರೂಪಕ್ಕೆ ತಂದರು. ಅಲ್ಲಿ ಯಂತ್ರ ಬದಲಾದರೂ ಭಾರವು ತಳದಲ್ಲಿ, ಯಂತ್ರದ ಮೂಲಸ್ಥಾನದಲ್ಲೇ ಉಳಿಯಿತೆಂಬುದು ಗಮನಾರ್ಹ. ನಮ್ಮಲ್ಲಿ ನಡೆಯುವ ಮಾರ್ಪಾಡು ಬಹುತೇಕ ಮೇಲ್ಮುಖವಾದದ್ದು: ಮಾಡು, ಮಾಡಿನ ಮೇಲೊಂದು ಅಟ್ಟ, ಅಟ್ಟಕ್ಕೆ ಏಣಿ, ಏಣಿಯ ತುದಿಯಲ್ಲಿ ಕುರ್ಚಿಗಳ ಸಾಲು. ವಯನಾಡಿಗೆ ನೆರೆಯದೇ ಆದ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ 2023ರ ಮೇ 7ರಂದು ಸಂಜೆ ಮಗುಚಿ 22 ಜನರ ಪ್ರಾಣ ತೆಗೆದದ್ದು ಇಂಥದೇ, ಮೀನುದೋಣಿಯನ್ನು ಮಾರ್ಪಡಿಸಿ ಮಾಡಿದ ಪ್ರವಾಸಿ ದೋಣಿ. ಅದರಲ್ಲಿ ಅನುಮತಿಗೆ ಮೀರಿದ ಜನರಿದ್ದರು, ಸತ್ತವರಲ್ಲಿ ಬಹುಮಂದಿ ಮಕ್ಕಳು. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯ ಜಲಾಶಯದಲ್ಲಿ 45 ಜನ ತೀರಿಕೊಂಡ ದೋಣಿಯಾದರೋ ಹಳೆಯದಲ್ಲ, ಹೊಸದೇ. ಆದರೆ ಅದೂ ಎರಡಂತಸ್ತಿನದು. ಮಹಾಕವಿ ಕುಮಾರನ್ ಆಶಾನ್ ಅವರನ್ನು 1924ರ ಜನವರಿಯಲ್ಲಿ ಪಲ್ಲನದ ನೀರು ನುಂಗಿದ್ದೂ ಪ್ರಯಾಣಿಕರಿಂದ ಕಿಕ್ಕಿರಿದ ದೋಣಿಯೊಂದು ಮಗುಚಿಯೇ.

ಕಾರಣವನ್ನು ತಿಳಿಯುವುದು ಕಷ್ಟವಲ್ಲ. ದೋಣಿ ಒಂದು ಮಗ್ಗುಲಿಗೆ ವಾಲಿದಾಗ ಆ ಮಗ್ಗುಲು ಹೆಚ್ಚು ಮುಳುಗಿ, ನೀರಿನ ಮೇಲೊತ್ತುವ ಬಲದ ಕೇಂದ್ರವು ಆ ಕಡೆಗೇ ಸರಿದು ದೋಣಿಯನ್ನು ಮತ್ತೆ ನೆಟ್ಟಗೆ ನಿಲ್ಲಿಸಲು ಯತ್ನಿಸುತ್ತದೆ. ಈ ಬಲದ ರೇಖೆಯು ದೋಣಿಯ ನಡುಗೆರೆಯನ್ನು ಸಂಧಿಸುವ ಬಿಂದುವನ್ನು ಫ್ರಾನ್ಸಿನ ಪಿಯೆರ್ ಬೂಗೆರನು 1746ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ನಿರೂಪಿಸಿ, ದೋಣಿಯ ಭಾರಕೇಂದ್ರವು ಆ ಬಿಂದುವಿಗಿಂತ ಕೆಳಗಿರುವವರೆಗೆ ಮಾತ್ರ ಕ್ಷೇಮವೆಂದು ತೋರಿಸಿದನು. ಒಳಯಂತ್ರದ ದೋಣಿಯಲ್ಲಿ ನೂರಾರು ಕಿಲೋ ತೂಕದ ಕಬ್ಬಿಣವು ತಳದಲ್ಲೇ ಕೂತಿರುವುದು ಈ ದೃಷ್ಟಿಯಿಂದ ದೊಡ್ಡ ಆಸ್ತಿ. ಅದನ್ನು ತೆಗೆದು ಹಗುರ ಯಂತ್ರವಿಟ್ಟು, ಮೇಲೆ ಅಟ್ಟ ಕಟ್ಟಿ ಜನರನ್ನು ಹತ್ತಿಸಿದರೆ ಭಾರಕೇಂದ್ರವು ಎರಡು ಕಡೆಯಿಂದಲೂ ಮೇಲೇರುತ್ತದೆ. ಆನೆಯೊಂದು ದಡದಲ್ಲಿ ಕಂಡಿತೆಂದು ಎಲ್ಲರೂ ಒಂದೇ ಪಕ್ಕಕ್ಕೆ ಧಾವಿಸಿದರೆ ಉಳಿದ ಅಂತರವೂ ಮುಗಿಯುತ್ತದೆ. ತಳಗುಳಿಯಲ್ಲಿ ನಿಂತು ಅತ್ತಿತ್ತ ಹೊರಳಾಡುವ ನೀರು ಈ ಕೇಡನ್ನು ಇಮ್ಮಡಿಸುತ್ತದೆ. ಆದುದರಿಂದ ಮಾಡು ಬೇಕೆಂದಾದರೆ ಹಗುರವಾದ ಬಟ್ಟೆಯ ಮಾಡು, ಆಸನ ಬೇಕಾದರೆ ಮೊಣಕಾಲಿಗಿಂತ ಎತ್ತರವಲ್ಲದ ಆಸನ, ಅಟ್ಟವಂತೂ ಬೇಡವೇ ಬೇಡ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಮಾರ್ಪಾಡಾದ ಮೇಲೆ, ತೂಕ ಗೊತ್ತಿರುವ ಚೀಲಗಳನ್ನು ಒಂದು ಪಕ್ಕದಿಂದ ಇನ್ನೊಂದಕ್ಕೆ ಸರಿಸಿ, ಒಳಗೆ ತೂಗುಬಿಟ್ಟ ಗುಂಡಿನ ದಾರ ಎಷ್ಟು ಓಲಿತೆಂದು ಅಳೆದು ನೋಡುವ ಪರೀಕ್ಷೆಯೊಂದುಂಟು. ನೌಕಾಶಿಲ್ಪವನ್ನು ಬಲ್ಲವರು ಅರ್ಧ ದಿನದಲ್ಲಿ ಅದನ್ನು ಮಾಡಿಕೊಡಬಲ್ಲರು. ಒಳನಾಡಿನ ನೌಕೆಗಳಿಗೆ ಸಂಬಂಧಿಸಿದ, 1917ರ ಹಳೆಯ ಶಾಸನದ ಸ್ಥಾನದಲ್ಲಿ 2021ರಲ್ಲಿ ಬಂದ ಕಾನೂನು ನೋಂದಣಿಯನ್ನೂ ತಪಾಸಣೆಯನ್ನೂ ವಿಮೆಯನ್ನೂ ವಿಧಿಸುತ್ತದೆ. ಜಲಾಶಯದ ಒಡೆತನ ಯಾರದೋ ಅವರ ಅನುಮತಿ ಅದರ ಮೇಲೆ ಬೇರೆ.

ಹಳೆಯ ಡೀಸೆಲ್ ಯಂತ್ರ ಪೂರ್ತಿ ಕೆಟ್ಟಿದ್ದರೆ ವಿದ್ಯುತ್ ಮೋಟಾರನ್ನು ಕೂಡಿಸುವ ವಿಚಾರವನ್ನು ಈಗ ತಳ್ಳಿಹಾಕುವಂತಿಲ್ಲ. ವೈಕಂ ಮತ್ತು ತವಣಕ್ಕಡವು ನಡುವೆ 75 ಜನರನ್ನು ಹೊತ್ತು 2017ರಿಂದ ಓಡುತ್ತಿರುವ ‘ಆದಿತ್ಯ’ ಎಂಬ ಸೌರದೋಣಿಯು ಈ ವಿದ್ಯೆ ಕೇರಳದ ನೀರಿಗೆ ಒಗ್ಗುವುದೆಂದು ತೋರಿಸಿಕೊಟ್ಟಿದೆ. ಬ್ಯಾಟರಿಗಳ ಭಾರವನ್ನು ಹಳೆಯ ಯಂತ್ರದ ಪೀಠದಲ್ಲೇ ಇರಿಸಬಹುದಾದ್ದರಿಂದ ಸ್ಥಿರತೆಗೂ ಭಂಗವಿಲ್ಲ. ಸದ್ದಿಲ್ಲದ ದೋಣಿ ಕಾಡಿನ ಅಂಚಿನ ನೀರಿಗೆ ಹೆಚ್ಚು ಸಭ್ಯವಾದದ್ದೂ ಹೌದು. ಹಣ ಮಾತ್ರ ಡೀಸೆಲಿಗಿಂತ ಬಹಳ ಹೆಚ್ಚು ಬೇಕು.

ಎಲ್ಲ ಮುಗಿದು ದೋಣಿ ನೀರಿಗಿಳಿದ ಮೊದಲ ದಿನ ಅದು ಸೋರುತ್ತದೆ, ಕೆಲವೊಮ್ಮೆ ಧಾರಾಕಾರವಾಗಿ. ತಿಂಗಳುಗಟ್ಟಲೆ ನೆಲದ ಮೇಲೆ ಒಣಗಿದ ಹಲಗೆಗಳು ನೀರು ಕುಡಿದು ಉಬ್ಬಿ ಸಂದುಗಳನ್ನು ತಾವೇ ಮುಚ್ಚಿಕೊಳ್ಳುವವರೆಗೆ, ಒಂದೆರಡು ದಿನ, ಪಂಪು ಹಚ್ಚಿ ಕಾವಲಿರಬೇಕು. ಯಂತ್ರವನ್ನೂ ಶಾಫ್ಟನ್ನೂ ಒಂದೇ ಗೆರೆಗೆ ತರುವ ಕೆಲಸವು ನಡೆಯಬೇಕಾದದ್ದು ಇದಾದ ನಂತರವೇ. ನೆಲದ ಮೇಲೆ ಆಧಾರಗಳ ಮೇಲೆ ಕೂತಾಗಿನ ಒಡಲಿನ ಆಕಾರವು ನೀರಿನಲ್ಲಿ ಇರುವುದಿಲ್ಲ. ಶಾಫ್ಟಿನ ಮತ್ತು ಗೇರುಪೆಟ್ಟಿಗೆಯ ಎರಡು ತಟ್ಟೆಗಳ ಬೋಲ್ಟು ಬಿಚ್ಚಿ, ಅವುಗಳ ನಡುವಿನ ತೆರಪನ್ನು ತೆಳುವಾದ ಉಕ್ಕಿನ ಪಟ್ಟಿಯಿಂದ ನಾಲ್ಕು ದಿಕ್ಕಿಗೂ ಅಳೆದು, ನೂರು ಮಿಲಿಮೀಟರು ಅಗಲದ ತಟ್ಟೆಗೆ ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ವ್ಯತ್ಯಾಸ ಉಳಿಯದಂತೆ ಯಂತ್ರದ ಕಾಲುಗಳ ಕೆಳಗೆ ತಗಡು ಸೇರಿಸುತ್ತ ತೆಗೆಯುತ್ತ ಹೋಗುವುದು ಒಂದು ಇಡೀ ದಿನದ ಕೆಲಸ. ಬಳಿಕ ವಿಶಾಲವಾದ ನೀರಿಗೆ, ಮುಳುಗಿದ ಮರಗಳ ಬೊಡ್ಡೆಗಳಿಲ್ಲವೆಂದು ಗೊತ್ತಿರುವ ಕಡೆಗೆ ಒಯ್ದು, ಪೂರ್ಣ ಸುತ್ತಿಗೆ ಬಿಟ್ಟು ಮಾಪಕವನ್ನು ಓದಬೇಕು. ಯಂತ್ರ ತಯಾರಿಸಿದವರು ಹೇಳಿರುವ ಸುತ್ತಿಗಿಂತ ಇನ್ನೂರು ಮುನ್ನೂರು ಕಡಿಮೆ ಬಂದರೆ, ಫ್ಯಾನನ್ನು ಬಿಚ್ಚಿ ಕಲ್ಲಿಕೋಟೆಗೆ ಕಳುಹಿಸಿ, ಅದರ ರೆಕ್ಕೆಗಳ ತಿರುಚನ್ನು ಒಂದಂಗುಲ ಕಡಿಮೆ ಮಾಡಿಸಿ ತರಬೇಕಾಗುತ್ತದೆ.